ಗಾಂಧಿ ಕ್ಲಾಸ್ ಬಿಟ್ಟು ಬಾಲ್ಕನಿಗೆ: ಲಂಡನ್‌ನಲ್ಲಿ ಗಾಗಾ ಶೋ, ನನ್ನ ಅನುಭವ

ನಮ್ಮ ಹಳೇ ಟಾಕೀಸಿನವರಿಗೆ ರೇಟು ಹಾಕುವುದು ಗೊತ್ತಿತ್ತು: ಪರದೆ ಮುಂದಿನ ಗಾಂಧಿ ಕ್ಲಾಸ್ ಅಗ್ಗ, ಬಾಲ್ಕನಿ ದುಬಾರಿ. ಪಾಪ್ ಶೋಗಳಲ್ಲಿ ಇದು ತಲೆಕೆಳಗು. ವೇದಿಕೆಗೆ ಅಂಟಿಕೊಂಡ ಜಾಗಕ್ಕೇ ಜನ ದುಡ್ಡು ಸುರಿಯುತ್ತಾರೆ. ಗಿಟಾರ್ ಹಿಡಿದು ಒಬ್ಬರೇ ಹಾಡುವುದಾದರೆ ಸರಿ, ಮುಖ ನೋಡಬೇಕಲ್ಲ. ಅಮೆರಿಕದ ಪಾಪ್ ಗಾಯಕಿ ಲೇಡಿ ಗಾಗಾ 2025ರಲ್ಲಿ ಶುರುಮಾಡಿದ ‘ಮೇಹೆಮ್ ಬಾಲ್’ ಪ್ರವಾಸದ ಶೋ ಹಾಗಲ್ಲ. ಅದು ಅಂಕಗಳಾಗಿ ಕಟ್ಟಿದ ನಾಟಕ.

ವೇದಿಕೆಯೇ ಒಂದು ಆಪೆರಾ ಹೌಸ್. ಆರಂಭದಲ್ಲಿ ಗಾಗಾ ಮನೆಯೆತ್ತರದ ಕೆಂಪು ಗೌನಿನ ಮೇಲ್ತುದಿಯಲ್ಲಿರುತ್ತಾರೆ. ಅದರ ಘೇರು ಪರದೆಯಂತೆ ಸರಿದಾಗ ಒಳಗೆ ಪಂಜರ, ಪಂಜರದಲ್ಲಿ ನೃತ್ಯಗಾರರು. ಮುಂದೆ ‘ಪೋಕರ್ ಫೇಸ್’ ಹಾಡಿಗೆ ನೆಲವೇ ಚದುರಂಗದ ಮಣೆಯಾಗುತ್ತದೆ. ಇನ್ನೊಂದು ಹಾಡಿಗೆ ಮರಳಿನಲ್ಲಿ ಅಸ್ಥಿಪಂಜರಗಳ ನಡುವೆ ಮಲಗಿರುತ್ತಾರೆ. ಮಣೆ ಕಾಣಬೇಕಾದರೆ ಮೇಲಿನಿಂದ ನೋಡಬೇಕು. ಬ್ಯಾರಿಕೇಡಿನ ಹತ್ತಿರ ನಿಂತವರಿಗೆ ಸಿಗುವುದು ಕುಣಿಯುವವರ ಬೂಟು, ಮುಂದಿನವರ ಫೋನು.

ಹಾಗಾಗಿ ನಾನು ಸೀಟು ಹುಡುಕುವ ಕ್ರಮ ಇದು. ಮೊದಲು ಪ್ರವಾಸದ ಮೊದಲ ಊರಿನ ವಿಡಿಯೋ ನೋಡಿ ವೇದಿಕೆಯ ಆಕಾರ ಕಾಗದದ ಮೇಲೆ ಗೀಚಿಕೊಳ್ಳುತ್ತೇನೆ: ಒಂದು ತುದಿಯಲ್ಲಿ ಮುಖ್ಯ ವೇದಿಕೆ, ಅಲ್ಲಿಂದ ಜನರ ನಡುವೆ ಚಾಚುವ ಓಣಿ, ಅದರ ಕೊನೆಗೆ ಚಿಕ್ಕ ವೇದಿಕೆ. ಆಮೇಲೆ ಅದನ್ನು ಸಭಾಂಗಣದ ನಕ್ಷೆಯ ಮೇಲಿಡುತ್ತೇನೆ. ಲಂಡನ್‌ನ ಓ2 ಅರೀನಾದಲ್ಲಿ ಸುಮಾರು 20,000 ಜನ ಹಿಡಿಯುತ್ತಾರೆ. ಕೆಳಗಿನ ಸುತ್ತಿನಲ್ಲಿ 106, 107 ಬ್ಲಾಕುಗಳು ವೇದಿಕೆಗೆ ನೇರ ಎದುರು, ಆದರೆ ದೂರ. 104, 105 ಅಥವಾ ಆಚೆ ಬದಿಯ 108, 109ರ ಮಧ್ಯದ ಸಾಲುಗಳು ನನ್ನ ಆಯ್ಕೆ. ಚಿಕ್ಕ ವೇದಿಕೆ ಹತ್ತಿರ, ಆಪೆರಾ ಹೌಸ್ ಪೂರ್ತಿ ಚೌಕಟ್ಟಿನಲ್ಲಿ. 101, 112 ಹತ್ತಿರವೇ, ಆದರೆ ಪಕ್ಕದಿಂದ ನೋಡಿದರೆ ಸೆಟ್ಟಿನ ಬೆನ್ನು ಕಾಣುತ್ತದೆ. ಮೇಲಿನ 400ರ ಬ್ಲಾಕುಗಳು ತೀರಾ ಕಡಿದಾಗಿವೆ. ತಲೆ ಸುತ್ತುವವರು, ಮಂಡಿನೋವಿನವರು ಅಲ್ಲಿಗೆ ಬೇಡ.

ದೂರಕ್ಕೆ ಇನ್ನೊಂದು ದಂಡವಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. 70 ಮೀಟರ್ ಆಚೆ ಕೂತರೆ ಡ್ರಮ್ಮಿನ ಏಟು ಕಣ್ಣಿಗೆ ಬಿದ್ದ 0.2 ಸೆಕೆಂಡ್ ನಂತರ ಕಿವಿಗೆ. ಒಮ್ಮೆ ಗಮನಕ್ಕೆ ಬಂದರೆ ಶೋ ಮುಗಿಯುವವರೆಗೂ ಕಾಡುತ್ತದೆ. ಸದ್ದು ಅತ್ಯಂತ ಹದವಾಗಿ ಕೇಳುವುದು ಸೌಂಡ್ ಮಿಕ್ಸಿಂಗ್ ಮೇಜಿನ ಆಸುಪಾಸಿನಲ್ಲಿ, ಯಾಕೆಂದರೆ ಎಂಜಿನಿಯರ್ ಹದ ಮಾಡುವುದು ತನ್ನ ಕಿವಿಗೆ.

ಕಿವಿ ಎಂದಾಗ ಹೇಳಲೇಬೇಕು. 85 ಡೆಸಿಬಲ್‌ ಸದ್ದನ್ನು ಎಂಟು ಗಂಟೆ ಕೇಳಬಹುದು. ಅದರ ಮೇಲೆ ಏರುವ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಹದಿನೈದೇ ನಿಮಿಷ. ಶೋ ಎರಡು ಗಂಟೆ ಮೀರುತ್ತದೆ. ಕಿವಿಗೆ ತುರುಕುವ ಮೆಡಿಕಲ್ ಶಾಪಿನ ಫೋಮ್ ಪ್ಲಗ್ ಹಾಡಿನ ಸಾಹಿತ್ಯವನ್ನೇ ನುಂಗಿಬಿಡುತ್ತದೆ, ಕಂಬಳಿ ಹೊದ್ದು ಕೇಳಿದ ಹಾಗೆ. ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಪ್ಲಗ್ ಕೊಳ್ಳಿ. ಸದ್ದು ಸಮವಾಗಿ ತಗ್ಗುತ್ತದೆ, ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ಆನ್‌ಲೈನ್ ಟಿಕೆಟ್‌ಗೆ ಬೆಂಗಳೂರಿನಿಂದ ಕೂರುವವರು ಸಮಯ ನೋಡಿಕೊಳ್ಳಿ: ಮಾರಾಟ ಲಂಡನ್‌ನ ಬೆಳಗಿನ ಹತ್ತಕ್ಕೆಂದರೆ, ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 2.30, ಚಳಿಗಾಲದಲ್ಲಿ 3.30. ಕಾರ್ಡಿನಲ್ಲಿ ವಿದೇಶಿ ವಹಿವಾಟು ಹಿಂದಿನ ದಿನವೇ ಆನ್ ಮಾಡಿರಿ. ಸರದಿ ದಾಟಿ ಸೀಟು ಹಿಡಿದು, ಹಣ ಕಟ್ಟುವಾಗ ಕಾರ್ಡ್ ನಿರಾಕರಿಸಿದರೆ ಸೀಟು ಕೈತಪ್ಪುತ್ತದೆ. ಮೊದಲ ದಿನ ಸಿಗದಿದ್ದರೆ ಮರುಮಾರಾಟದವರ ಬಲೆಗೆ ಬೀಳಬೇಡಿ. ವೇದಿಕೆ, ಕ್ಯಾಮೆರಾಗಳಿಗೆಂದು ತಡೆಹಿಡಿದ ಸೀಟುಗಳಲ್ಲಿ ಬೇಡವಾದವನ್ನು ಶೋ ಹತ್ತಿರ ಬಂದಾಗ ಮೂಲ ಬೆಲೆಗೇ ಬಿಡುವುದುಂಟು. ಕೊನೆಯ ವಾರ ದಿನಕ್ಕೆರಡು ಸಲ ಆ್ಯಪ್ ತೆರೆದು ನೋಡಿ.

ಟಿಕೆಟ್ಟಿನ ಕ್ಯೂಆರ್ ಆ್ಯಪಿನಲ್ಲಿ ಬದಲಾಗುತ್ತಿರುತ್ತದೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಬಾಗಿಲ ಬಳಿ ಸಾವಿರಾರು ಫೋನುಗಳ ನಡುವೆ ನೆಟ್‌ವರ್ಕ್ ಸಾಯುತ್ತದೆ, ಲಾಗಿನ್ ಮನೆಯಲ್ಲೇ ಆಗಿರಲಿ. ನಾಲ್ಕು ಟಿಕೆಟ್ ಒಂದೇ ಫೋನಿನಲ್ಲಿದ್ದರೆ ನಾಲ್ವರೂ ಒಟ್ಟಿಗೇ ಒಳಹೋಗಬೇಕು. ಬ್ಯಾಗ್ ಎ4 ಹಾಳೆಗಿಂತ ದೊಡ್ಡದಿರಬಾರದು. ನಗದು ನಡೆಯುವುದಿಲ್ಲ, ಕಾರ್ಡ್ ಬೇಕು.

ಗಾಗಾ ಶೋಗೆ ಮುಂಚೆ ಹಾಡುವ ಬೇರೆ ತಂಡ ಇರಲಿಲ್ಲ. ‘ಮುಖ್ಯ ಕಲಾವಿದರು ಒಂಬತ್ತಕ್ಕೆ ತಾನೇ’ ಎಂದು ತಡವಾಗಿ ಹೋದರೆ ಆ ಕೆಂಪು ಗೌನೇ ತಪ್ಪುತ್ತದೆ. ಶೌಚಾಲಯ ಶುರುವಿಗೆ ಮುಂಚೆ ಮುಗಿಸಿ. ಅಂಕಗಳ ನಡುವೆ ಅವರು ಬಟ್ಟೆ ಬದಲಿಸುವಾಗ ಏಳುವವರೇ ಹೆಚ್ಚು. ಮುಂದಿನ ಅಂಕದ ಕಥೆ ಹೆಣೆಯುವುದು ಅಲ್ಲೇ. ಫೋನಿನಲ್ಲಿ ಚಿತ್ರೀಕರಿಸುವವರು ಲೇಸರ್ ನೇರ ಲೆನ್ಸಿಗೆ ಹೊಡೆದಾಗ ಕೆಳಗಿಳಿಸಿ, ಸೆನ್ಸರ್ ಸುಟ್ಟುಹೋದೀತು.

ಇಂಥ ಶೋ ಬೆಂಗಳೂರಿನ ಬಯಲಿಗೆ ಬರುವುದು ಕಷ್ಟ. ಟನ್‌ಗಟ್ಟಲೆ ದೀಪ, ಪರದೆ, ಸ್ಪೀಕರ್ ತೂಗುಹಾಕಲು ಗಟ್ಟಿ ಚಾವಣಿ ಬೇಕು, ಇಲ್ಲವೇ ಅಷ್ಟು ಭಾರ ಹೊರುವ ಚೌಕಟ್ಟನ್ನು ಬಯಲಲ್ಲೇ ಕಟ್ಟಬೇಕು. ಬ್ರಿಟಿಷ್ ಗಾಯಕ ಎಡ್ ಶೀರನ್ 2025ರ ಫೆಬ್ರವರಿಯಲ್ಲಿ ಇಲ್ಲಿನ ನೈಸ್ ಮೈದಾನದಲ್ಲಿ ಹಾಡಿದಂತೆ ಹಾಡಬಹುದು, ಆಪೆರಾ ಹೌಸ್ ನಿಲ್ಲಿಸುವುದು ಬೇರೆ ಮಾತು.

ಮುಗಿದ ಮೇಲೆ ಇಡೀ ಜನಸಾಗರ ಪಕ್ಕದ ನಾರ್ತ್ ಗ್ರೀನಿಚ್ ಟ್ಯೂಬ್ (ಲಂಡನ್ ಮೆಟ್ರೊ) ನಿಲ್ದಾಣಕ್ಕೇ ನುಗ್ಗುತ್ತದೆ. ಒಂದೋ ಕೊನೆಯ ಹಾಡಿನಲ್ಲಿ ಎದ್ದು ಓಡಬೇಕು (ನಾನು ಓಡುವುದಿಲ್ಲ), ಇಲ್ಲವೇ ಒಳಗಿನ ಹೋಟೆಲುಗಳಲ್ಲಿ ಅರ್ಧ ಗಂಟೆ ಕೂರಬೇಕು. ಅಲ್ಲಿನ ಟ್ಯೂಬ್ ಮಾರ್ಗವಾದ ಜ್ಯೂಬಿಲಿ ಲೈನ್ ರಾತ್ರಿಯಿಡೀ ಓಡುವುದು ಶುಕ್ರವಾರ, ಶನಿವಾರ ಮಾತ್ರ. ಉಳಿದ ದಿನ ಕೊನೆಯ ರೈಲಿನ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ, ಇಲ್ಲವೇ ಥೇಮ್ಸ್ ದೋಣಿಗೆ ಮುಂಚೆಯೇ ಟಿಕೆಟ್ ಮಾಡಿಸಿ.