ಮನೆ ಆಫೀಸಿಗೆ ಹತ್ತಿರವೋ, ಶಾಲೆಗೆ ಹತ್ತಿರವೋ? ಹೊಳೆ ದಾಟುವ ಮುಂಚೆ ಒಂದು ಲೆಕ್ಕ

ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ಮನೆ ಹುಡುಕಲು ಹೊರಟರೆ ಎಲ್ಲವೂ ಹತ್ತಿರವೇ. ಶಾಲೆಗಳಿಗೆ ರಜೆ, ಬಿಸಿಲಿಗೆ ಮಧ್ಯಾಹ್ನ ರಸ್ತೆಗಳು ಖಾಲಿ. ‘ಇಲ್ಲಿಂದ ಎಲ್ಲಿಗಾದ್ರೂ ಹತ್ತೇ ನಿಮಿಷ ಮೇಡಂ’ ಎಂದು ಬ್ರೋಕರ್ ಹೇಳಿದ್ದು ಆ ಹೊತ್ತಿಗೆ ನಿಜವೂ ಹೌದು. ನಮಗೂ ಹಾಗೇ ಆಯಿತು. ನಮ್ಮನೆಯವರ ಕೆಲಸ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಹಾಗಾಗಿ ವಿದ್ಯಾನಗರದ ಕಡೆ ಮನೆ ಹಿಡಿದೆವು. ಮಗಳ ಶಾಲೆ ತುಂಗಾ ಹೊಳೆಯ ಇನ್ನೊಂದು ದಡದಲ್ಲಿ, ಪೇಟೆಯೊಳಗೆ. ‘ನಾಲ್ಕೈದು ಕಿಲೋಮೀಟರ್ ತಾನೇ, ವ್ಯಾನ್ ಇದೆಯಲ್ಲ’ ಎಂದುಕೊಂಡೆವು.

ಜೂನ್‌ನಲ್ಲಿ ವ್ಯಾನ್ ಬಂದದ್ದು ಬೆಳಿಗ್ಗೆ 7.50ಕ್ಕೆ. ಶಾಲೆ ಶುರುವಾಗುವುದು 8.45ಕ್ಕೆ. ವ್ಯಾನ್ ಹತ್ತಾರು ಮಕ್ಕಳ ಮನೆ ಬಾಗಿಲು ಸುತ್ತಿ ಹೋಗುತ್ತದೆ ಎಂಬುದು ಆಗಲೇ ತಲೆಗೆ ಹೊಳೆದದ್ದು. ಮೊದಲು ಹತ್ತಿದ ಮಗು ಹೆಚ್ಚು ಹೊತ್ತು ಕೂರಬೇಕು. ಮೊದಲು ಹತ್ತುತ್ತಿದ್ದವಳು ನಮ್ಮ ಮಗಳು.

ಒಂದು ವರ್ಷ ಹಾಗೇ ನೂಕಿ ಮತ್ತೆ ಮನೆ ಹುಡುಕಿದೆವು. ಎರಡನೇ ಸಲ ಮಾಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಯಾರು ಹೊಳೆ ದಾಟಬೇಕು?

ಶಿವಮೊಗ್ಗದ ನಕ್ಷೆ ಎದುರಿಗಿಟ್ಟುಕೊಂಡು ತುಂಗೆಯನ್ನು ನೋಡಿ. ಮನೆ, ಶಾಲೆ, ಅಪ್ಪನ ಕೆಲಸ, ಅಮ್ಮನ ಕೆಲಸ, ಈ ನಾಲ್ಕರಲ್ಲಿ ಯಾವುದು ಯಾವ ದಡದಲ್ಲಿದೆ ಎಂದು ಗುರುತು ಹಾಕಿ. ಭದ್ರಾವತಿ ಕಡೆಯಿಂದ ಬಿ.ಎಚ್. ರಸ್ತೆಯಲ್ಲಿ ಬರುವವರೆಲ್ಲ ಬೆಳಿಗ್ಗೆ ಸೇತುವೆ ದಾಟಿ ಪೇಟೆಗೆ ನುಗ್ಗುತ್ತಾರೆ. ಅದೇ ಹೊತ್ತಿಗೆ ಪೇಟೆಯಿಂದ ಮಾಚೇನಹಳ್ಳಿಗೋ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೋ ಹೋಗುವವರು ಎದುರು ದಿಕ್ಕಿನವರು. ಅವರ ದಾರಿ ಅಷ್ಟು ಕಿಕ್ಕಿರಿದಿರುವುದಿಲ್ಲ. ಹಾಗಾಗಿ ಕೆಲಸ ಊರ ಹೊರಗಿದ್ದು ಶಾಲೆ ಊರೊಳಗಿದ್ದರೆ ನನ್ನ ಮಟ್ಟಿಗೆ ಉತ್ತರ ಒಂದೇ: ಶಾಲೆಯ ಹತ್ತಿರ ಮನೆ ಮಾಡಿ, ದೊಡ್ಡವರು ಗಾಡಿ ಓಡಿಸಲಿ. ದೊಡ್ಡವರು ತೆರೆದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗುವುದು ಸುಲಭ. ಗೋಪಿ ಸರ್ಕಲ್, ಅಮೀರ್ ಅಹ್ಮದ್ ಸರ್ಕಲ್ ದಾಟಿಕೊಂಡು ಮಗು ನಾಲ್ಕು ಕಿಲೋಮೀಟರ್ ಹೋಗುವುದು ಅದಕ್ಕಿಂತ ಕಷ್ಟ.

ಹೊಳೆಗೆ ಸಂಬಂಧಿಸಿದ ಇನ್ನೊಂದು ವಿಷಯ. ಮಳೆಗಾಲದಲ್ಲಿ ಹೊಳೆಯೊಳಗಿನ ಕಲ್ಲು ಮಂಟಪದ ಬಗ್ಗೆ ‘ಮಂಟಪ ಮುಳುಗಿತಂತೆ’ ಎಂದರೆ ಊರವರು ನೋಡಲು ಓಡುತ್ತಾರೆ. ಬಾಡಿಗೆಗೆ ಬಂದ ಹೊಸಬರು ಅದಕ್ಕೂ ಮೊದಲೇ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ: ‘2019ರ ಆಗಸ್ಟ್‌ನಲ್ಲಿ ಇಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಜ್ಜಿ?’ ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಂಬಾಡದಂಥ ತಗ್ಗಿನ ಬೀದಿಗಳವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಬ್ರೋಕರ್ ಆ ಗೋಡೆ ತೋರಿಸುವುದಿಲ್ಲ.

ಎರಡನೆಯದು: ಗಡಿಯಾರ ಹಿಡಿದು ಹೊರಡಿ

ಮೊಬೈಲಿನ ಮ್ಯಾಪ್ ಭಾನುವಾರ ಸಂಜೆ ತೋರಿಸುವ ಸಮಯ ಯಾವುದಕ್ಕೂ ಬೇಡ. ಶಾಲೆ ನಡೆಯುತ್ತಿರುವ ವಾರದ ದಿನ, ಬೆಳಿಗ್ಗೆ 8.15ಕ್ಕೆ, ನೋಡಿಟ್ಟ ಮನೆಯ ಗೇಟಿನಿಂದ ಶಾಲೆಯ ಗೇಟಿನವರೆಗೆ ಗಾಡಿಯಲ್ಲಿ ಹೋಗಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಇನ್ನೊಮ್ಮೆ. ಮಗು ನಡೆದೇ ಹೋಗುವುದಾದರೆ ನೀವೂ ಮಗುವಿನ ಹೆಜ್ಜೆಯಲ್ಲೇ ನಡೆಯಿರಿ. ನಾನು ಒಬ್ಬಳೇ ನಡೆದಾಗ ಆರು ನಿಮಿಷ. ಮಗಳ ಜೊತೆ, ಅವಳ ಕಲ್ಲು ಹೆಕ್ಕುವ ಕಾರ್ಯಕ್ರಮವೂ ಸೇರಿ, ಎಂಟು.

ಮಳೆಯಲ್ಲೂ ಒಂದು ಸಲ ನೋಡಬೇಕು. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಸ್ಕೂಟರ್‌ನವರೆಲ್ಲ ಆಟೋ ಹತ್ತುತ್ತಾರೆ, ಆಟೋ ಸಿಗುವುದಿಲ್ಲ. ಏಪ್ರಿಲ್‌ನಲ್ಲೇ ಮನೆ ಹಿಡಿಯಬೇಕಾದವರು ಒಣ ದಿನದ ಸಮಯಕ್ಕೆ ಮೂರನೇ ಒಂದು ಪಾಲು ಸೇರಿಸಿಕೊಳ್ಳಿ. ಅದು ನನ್ನ ಅಂದಾಜು, ಆದರೆ ನಮಗೆ ಕೈಕೊಟ್ಟಿಲ್ಲ.

ವ್ಯಾನ್ ಆದರೆ ಡ್ರೈವರ್‌ನನ್ನೇ ಕೇಳಿ: ಮೊದಲ ಮಗು ಎಷ್ಟು ಹೊತ್ತಿಗೆ ಹತ್ತುತ್ತದೆ, ನಮ್ಮ ಮಗು ಎಷ್ಟನೆಯದು, ಸಂಜೆ ಎಷ್ಟನೆಯದಾಗಿ ಇಳಿಯುತ್ತದೆ? ಶನಿವಾರ ಬೆಳಗಿನ ಶಾಲೆ ಬೇಗ ಬಿಡುತ್ತದೆ, ಆ ದಿನ ಬರುತ್ತೀರಾ? ಸಿಟಿ ಬಸ್ ನಂಬುವವರಿಗೂ ಒಂದು ಮಾತು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಿಗುವ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಿಮ್ಮ ಬಡಾವಣೆಗೆ ಬರುವುದು ಖಾಸಗಿ ಬಸ್ಸೇ ಆದರೆ ಟಿಕೆಟಿನ ದುಡ್ಡು ಲೆಕ್ಕಕ್ಕೆ ಸೇರಲಿ.

ಮೂರನೆಯದು: ಶಾಲೆಯ ಬೋರ್ಡು ಬಿಟ್ಟು ಒಳಗೆ ನೋಡಿ

2024ರ ಎಸ್ಸೆಸ್ಸೆಲ್ಸಿಯಲ್ಲಿ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ಮೂರನೆಯದು. ಸಂತೋಷ. ಆದರೆ ಅದರಿಂದ ನಿಮ್ಮ ಬೀದಿಯ ಶಾಲೆಯ ಮೂರನೇ ಕ್ಲಾಸಿನ ಬಗ್ಗೆ ಏನೂ ತಿಳಿಯುವುದಿಲ್ಲ. ಗೇಟಿನ ಮೇಲೆ ‘ಶೇ 100 ಫಲಿತಾಂಶ’ ಎಂದು ಬ್ಯಾನರ್ ಕಟ್ಟಿದ್ದರೆ ಒಂದು ಪ್ರಶ್ನೆ ಕೇಳಿ: ಆ ಬ್ಯಾಚಿನಲ್ಲಿ ಎಂಟನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು, ಪರೀಕ್ಷೆ ಬರೆದವರೆಷ್ಟು? ನಡುವೆ ಟಿ.ಸಿ. ಕೊಟ್ಟು ಕಳಿಸಿದವರ ಸಂಖ್ಯೆ ದೊಡ್ಡದಿದ್ದರೆ ಆ ನೂರಕ್ಕೆ ಬೆಲೆ ಕಡಿಮೆ.

ಪ್ರತಿ ಶಾಲೆಗೂ ಸರ್ಕಾರದ ಶಾಲಾ ಮಾಹಿತಿ ದಾಖಲೆಯಾದ ಯು-ಡೈಸ್‌ನಲ್ಲಿ 11 ಅಂಕಿಯ ಸಂಖ್ಯೆ ಇರುತ್ತದೆ. ಕರ್ನಾಟಕದ್ದು 29ರಿಂದ ಶುರು. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯನ್ನು ಹುಡುಕಿದರೆ ಮಕ್ಕಳು, ಶಿಕ್ಷಕರು, ಕೊಠಡಿ, ಶೌಚಾಲಯದ ಲೆಕ್ಕ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 30 ಮಕ್ಕಳಿಗೊಬ್ಬ ಶಿಕ್ಷಕ, 6ರಿಂದ 8ಕ್ಕೆ 35ಕ್ಕೊಬ್ಬರು ಇರಬೇಕು. ಸರ್ಕಾರಿ ಶಾಲೆಯಾದರೆ ಕಾಯಂ ಶಿಕ್ಷಕರೆಷ್ಟು, ಅತಿಥಿ ಶಿಕ್ಷಕರೆಷ್ಟು ಎಂದು ಕೇಳಿ. ಖಾಸಗಿಯಾದರೆ, ಕಳೆದ ವರ್ಷ ಈ ಕ್ಲಾಸಿಗೆ ಪಾಠ ಮಾಡಿದ ಮೇಡಂ ಈ ವರ್ಷವೂ ಇದ್ದಾರಾ ಎಂದು ಕೇಳಿ. ಉತ್ತರ ಕೊಡುವಾಗ ಹೆಡ್‌ಮಿಸ್ ಮುಖ ನೋಡಿ.

ನಾನು ಇನ್ನೆರಡು ಕೆಲಸ ಮಾಡಿದೆ. ನಾಲ್ಕನೇ ಕ್ಲಾಸಿನ ಮಗುವೊಂದರ ನೋಟ್‌ಬುಕ್ ನೋಡಿದೆ: ಮೇಷ್ಟ್ರ ಕೆಂಪು ಇಂಕು ಬರೀ ಟಿಕ್ ಆಗಿದೆಯೋ, ತಪ್ಪನ್ನು ತಿದ್ದಿದೆಯೋ? ಮತ್ತೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶೌಚಾಲಯದ ನಲ್ಲಿ ತಿರುಗಿಸಿದೆ. ಮುಗುಳ್ನಗುತ್ತಾ ಸ್ಮಾರ್ಟ್ ಕ್ಲಾಸ್ ತೋರಿಸಿದ ಒಂದು ಶಾಲೆಯಲ್ಲಿ ನಲ್ಲಿಯಿಂದ ಗಾಳಿ ಬಂತು. ಅದನ್ನು ಪಟ್ಟಿಯಿಂದ ತೆಗೆದೆವು.

ನಾಲ್ಕನೆಯದು: ಒಂದೇ ತಕ್ಕಡಿಗೆ ಹಾಕುವುದು

ಸಮಯ ಒಂದು ಕಡೆ, ಶಾಲೆ ಒಂದು ಕಡೆ ಇಟ್ಟು ‘ಏನ್ ಮಾಡೋದು’ ಎಂದು ಕೂತರೆ ಮಾತು ಮುಗಿಯುವುದಿಲ್ಲ. ನಾವು ಮಾಡಿದ್ದು ಹೀಗೆ. ಪಟ್ಟಿಯಲ್ಲಿ ಉಳಿದ ಶಾಲೆಗಳಲ್ಲಿ ತೀರಾ ಹೆಚ್ಚುಕಡಿಮೆ ಇಲ್ಲವೆಂದರೆ ಅವೆಲ್ಲ ಸಮ ಎಂದುಕೊಂಡೆವು. ಆಮೇಲೆ ನಿಮಿಷಗಳನ್ನು ಕೂಡಿದೆವು, ಮಗುವಿನ ಒಂದು ನಿಮಿಷಕ್ಕೆ ಎರಡು ಎಂಬ ನಿಯಮದಲ್ಲಿ.

ವಿದ್ಯಾನಗರದ ಹಳೆಯ ಮನೆ: ಅಪ್ಪ 15, ನಾನು 20, ಮಗಳು ವ್ಯಾನಿನಲ್ಲಿ 45, ಅಂದರೆ 90. ಒಟ್ಟು 125. ಗೋಪಾಳದಲ್ಲಿ ನೋಡಿದ ಮನೆ: ಅಪ್ಪ 40, ನಾನು 15, ಮಗಳು 20, ಅಂದರೆ 40. ಒಟ್ಟು 95. ವಿನೋಬನಗರದ್ದು: ಅಪ್ಪ 35, ನಾನು 12, ಮಗಳು ನಡೆದು 8, ಅಂದರೆ 16. ಒಟ್ಟು 63.

ಇನ್ನು ದುಡ್ಡು. ವಿನೋಬನಗರದ ಬಾಡಿಗೆ ತಿಂಗಳಿಗೆ 3,000 ರೂಪಾಯಿ ಹೆಚ್ಚು. ವ್ಯಾನಿನ 1,800 ಉಳಿಯಿತು, ನಮ್ಮನೆಯವರ ಪೆಟ್ರೋಲ್ 650 ಏರಿತು. ತಿಂಗಳಿಗೆ ಕೈಬಿಟ್ಟದ್ದು 1,850, ವರ್ಷಕ್ಕೆ 22,200. ಹೋಗಿಬರುವುದು ಸೇರಿ ಮಗಳಿಗೆ ದಿನಕ್ಕೆ 74 ನಿಮಿಷ ಉಳಿಯಿತು. 220 ಶಾಲಾ ದಿನಕ್ಕೆ ಸುಮಾರು 270 ಗಂಟೆ. ಗಂಟೆಗೆ ಎಂಬತ್ತು ರೂಪಾಯಿ ಚಿಲ್ಲರೆ ಕೊಟ್ಟು ಅವಳ ನಿದ್ದೆ, ಆಟ ಎರಡನ್ನೂ ಕೊಂಡುಕೊಂಡ ಹಾಗೆ. ನಮ್ಮನೆಯವರಿಗೆ ದಿನಕ್ಕೆ 40 ನಿಮಿಷ ಹೋಯಿತು, ಅದನ್ನು ಅವರು ಆಗಾಗ ನೆನಪಿಸುತ್ತಾರೆ.

ಹತ್ತಿರದ ಶಾಲೆಯಲ್ಲಿ ಶಿಕ್ಷಕರೇ ಇಲ್ಲ, ಅಥವಾ ಮಗು ಹೆದರುತ್ತದೆ ಎಂದಾದರೆ ದೂರ ಹೋಗಲೇಬೇಕು. ಆಗಲೂ ಒಂದು ಗಡಿ ಹಾಕಿಕೊಳ್ಳಿ. ನಾನು ಹಾಕಿಕೊಂಡದ್ದು: ನಾಲ್ಕನೇ ಕ್ಲಾಸಿನವರೆಗೆ 20 ನಿಮಿಷ, ಏಳರವರೆಗೆ ಅರ್ಧ ಗಂಟೆ. ಹೈಸ್ಕೂಲಿಗೆ ಬಂದ ಮೇಲೆ ಸೈಕಲ್ ಇದೆ, ಗೆಳತಿಯರಿದ್ದಾರೆ, ಅವಳದೇ ದಾರಿ.

ತೋಟದ ಮನೆಯವರ ಲೆಕ್ಕ ಬೇರೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳವರಿಗೆ ‘ಯಾವ ಬಡಾವಣೆ’ ಎಂಬ ಪ್ರಶ್ನೆಯೇ ಇಲ್ಲ. ಅಲ್ಲಿ ಇರುವುದು, ಮನೆಯಿಂದ ಹೋಗಿಬರುವುದೋ, ಪೇಟೆಯಲ್ಲಿ ಒಂದು ಮನೆ ಮಾಡುವುದೋ. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಪೇಟೆಯಲ್ಲಿ, ಅಪ್ಪ ಅಡಕೆ ತೋಟದಲ್ಲಿ, ಶನಿವಾರ ಎಲ್ಲರೂ ಒಟ್ಟಿಗೆ: ಮಲೆನಾಡಿನ ಎಷ್ಟೋ ಮನೆಗಳು ಹೀಗೇ ನಡೆದಿವೆ. ಬಾಡಿಗೆಯ ಲೆಕ್ಕ ಎಲ್ಲರೂ ಹಾಕುತ್ತಾರೆ. ಎರಡು ಒಲೆ, ಎರಡು ಗ್ಯಾಸ್, ಕೊಯ್ಲಿನ ಕಾಲದಲ್ಲಿ ಆಳುಗಳಿಗೆ ಅಡುಗೆ ಮಾಡಲು ಊರಲ್ಲಿ ಕೈ ಇಲ್ಲದಿರುವುದು, ಇವನ್ನು ಹಾಕುವುದಿಲ್ಲ. ನನ್ನ ಅತ್ತಿಗೆ ಐದು ವರ್ಷ ಹಾಗೆ ಇದ್ದರು. ‘ಮಕ್ಕಳು ಓದಿದ್ರು, ಆದ್ರೆ ಅಜ್ಜ ಅಜ್ಜಿ ಇಬ್ರೇ ಆಗ್ಬಿಟ್ರು ಮಾರಾಯ್ತಿ’ ಎನ್ನುತ್ತಾರೆ.

ಮನೆಯಿಂದಲೇ ಕಳಿಸುವವರು ಮುಖ್ಯ ರಸ್ತೆಯವರೆಗಿನ ದಾರಿಯನ್ನೇ ಮೊದಲು ನೋಡಬೇಕು. ಬಸ್ಸಿನ ಅರ್ಧ ಗಂಟೆಗಿಂತ ಹಳ್ಳದ ಮೇಲಿನ ಕಾಲುಸಂಕದ ಎರಡು ನಿಮಿಷ ದೊಡ್ಡದು. ಹಳ್ಳ ಏರಿದಾಗ ಮಗುವಿನ ಕೈ ಹಿಡಿದು ದಾಟಿಸುವವರು ಯಾರು ಎಂಬುದು ತೀರ್ಮಾನವಾಗದೆ ಶಾಲೆ ತೀರ್ಮಾನ ಮಾಡಬೇಡಿ. ಮಳೆ ರಜೆಯ ತೊಡಕೂ ಇದೆ: ರಜೆ ಬಹಳ ಸಲ ತಾಲ್ಲೂಕುವಾರು ಕೊಡುತ್ತಾರೆ. ಮಂಡಗದ್ದೆ ಕಡೆ ಮನೆ, ಶಿವಮೊಗ್ಗದಲ್ಲಿ ಶಾಲೆ ಎಂದಾದರೆ ತೀರ್ಥಹಳ್ಳಿ ತಾಲ್ಲೂಕಿಗೆ ರಜೆ ಸಿಕ್ಕ ದಿನ ನಿಮ್ಮ ಮಗುವಿನ ಶಾಲೆ ತೆರೆದಿರಬಹುದು, ಮನೆ ಮುಂದಿನ ರಸ್ತೆ ಮಾತ್ರ ಮುಚ್ಚಿರುತ್ತದೆ.

ಐದನೇ ಕ್ಲಾಸಿನಲ್ಲಿ ಓದುವ ಮಗುವಿದ್ದರೆ ಇನ್ನೊಂದು ದಾರಿಯೂ ಇದೆ. ಗಾಜನೂರಿನ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು 6ನೇ ತರಗತಿಯಿಂದ ಶುರು, ಪ್ರವೇಶ ಪರೀಕ್ಷೆಯಿಂದ ಸೀಟು. ಬಸ್ಸಿನ ಚಿಂತೆ ಅಲ್ಲಿಗೆ ಮುಗಿಯುತ್ತದೆ. ಮಗುವನ್ನು ಬಿಟ್ಟಿರುವ ಚಿಂತೆಯನ್ನು ನಿಮಿಷದಲ್ಲಿ ಕೂಡಲು ನನಗೆ ಬರುವುದಿಲ್ಲ.

ಕೊನೆಯದು: ಕೊಳ್ಳಬೇಡಿ, ಬಾಡಿಗೆಗೆ ಇರಿ

ಹೊಸ ಊರಿಗೆ ಬಂದವರು ಮೊದಲ ವರ್ಷವೇ ಸೈಟು, ಮನೆ ಎಂದು ಹೊರಡುವುದು ಬೇಡ. 11 ತಿಂಗಳ ಕರಾರು ಮಾಡಿಕೊಳ್ಳಿ. ಅದರಲ್ಲಿ ಒಂದು ಪೂರ್ತಿ ಮಳೆಗಾಲ ಬಂದುಹೋಗುತ್ತದೆ, ಶಾಲೆಯ ಗುಣವೂ ತಿಳಿಯುತ್ತದೆ. ಬಾಡಿಗೆ ಕರಾರು ಮುಗಿಯುವುದು ಏಪ್ರಿಲ್, ಮೇಗೆ ಬರುವಂತೆ ನೋಡಿಕೊಂಡರೆ ವರ್ಷದ ನಡುವೆ ಶಾಲೆ ಬದಲಿಸುವ ಪಾಡಿಲ್ಲ.

ಸಹಿ ಹಾಕುವ ಮುಂಚೆ ಮಗುವನ್ನೂ ಕರೆದುಕೊಂಡು ಹೋಗಿ. ವಿನೋಬನಗರದಲ್ಲಿ ನಾವು ಮೊದಲು ಒಪ್ಪಿದ ಮನೆಗೆ ಬೆಳಕು ಚೆನ್ನಾಗಿತ್ತು, ಬಾವಿಯೂ ಇತ್ತು. ಮಗಳು ಶಾಲೆಯವರೆಗೆ ನಡೆದು ಬಂದವಳು ‘ಆ ಮೂಲೆ ಮನೆ ನಾಯಿ ಕಟ್ಟಲ್ವಂತೆ’ ಎಂದಳು. ನನ್ನ ಕಾಗದದಲ್ಲಿ ನಾಯಿಗೆ ಕಾಲಂ ಇರಲಿಲ್ಲ. ಮುಂದಿನ ಕ್ರಾಸಿನಲ್ಲಿ, ಬಾವಿ ಇಲ್ಲದ ಮನೆ ಹಿಡಿದೆವು.