ಒರಾಂಗುಟಾನ್ ಎಣಿಸಬೇಕಾದರೆ ಗೂಡು ಎಣಿಸಿ

ಸುಮಾತ್ರ, ಬೋರ್ನಿಯೊ ಕಾಡುಗಳಲ್ಲಿ ದಿನವಿಡೀ ಅಲೆದರೂ ಒರಾಂಗುಟಾನ್ ಕಣ್ಣಿಗೆ ಬೀಳದೇ ಹೋಗಬಹುದು. ಗೂಡು ಹಾಗಲ್ಲ, ಕಂಡೇ ಕಾಣುತ್ತದೆ. ಬೆಳೆದ ಪ್ರತಿ ಪ್ರಾಣಿಯೂ ಬಹುಮಟ್ಟಿಗೆ ಸಂಜೆಗೊಂದರಂತೆ ಕೊಂಬೆ ಬಗ್ಗಿಸಿ, ಹೆಣೆದು, ಮೇಲೆ ಸೊಪ್ಪು ಹಾಸಿ ಮಲಗುತ್ತದೆ. ಎಳೆಮರಿ ಮಲಗುವುದು ತಾಯಿಯ ಗೂಡಿನಲ್ಲೇ.

ಮೊದಲು ನಕ್ಷೆಯ ಮೇಲೆ 1 ಕಿ.ಮೀ. ಉದ್ದದ ನೇರ ಗೆರೆಗಳನ್ನು ಹಾಕಿಕೊಳ್ಳಿ. ಎಲ್ಲಿಂದ ಶುರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಇರುವ ಕಾಲುದಾರಿಯನ್ನೇ ಹಿಡಿದರೆ ಎಣಿಕೆ ವಾಲುತ್ತದೆ; ದಾರಿಗಳು ದಿಬ್ಬದ ನೆತ್ತಿ, ಹೊಳೆಯ ದಂಡೆ ಹುಡುಕಿಕೊಂಡು ಹೋಗುತ್ತವೆ, ಇಡೀ ಕಾಡು ಹಾಗಿರುವುದಿಲ್ಲ. ದಿಕ್ಸೂಚಿ ಹಿಡಿದು ನಡೆಯಲು ಬೇಕಾದಷ್ಟು ಪೊದೆ ಮಾತ್ರ ಸವರಿ.

ಇಬ್ಬರಾದರೂ ಬೇಕು. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು ಮುಂದೆ, ಪಕ್ಕ, ಹಿಂದೆ ನೋಡಿ, ಕತ್ತೆತ್ತಿ ನೆತ್ತಿಯ ಮೇಲೂ ನೋಡಿ. ಹೆಚ್ಚಿನವರು ಗೂಡು ತಪ್ಪಿಸಿಕೊಳ್ಳುವುದು ಅಲ್ಲೇ, ಆದರೆ ಗೆರೆಯ ಮೇಲಿನ ಗೂಡು ಒಂದೂ ತಪ್ಪಿಲ್ಲ ಎಂಬ ನಂಬಿಕೆಯ ಮೇಲೇ ಇಡೀ ಲೆಕ್ಕ ನಿಂತಿದೆ.

ಗೂಡು ಕಂಡರೆ ಅದರ ನೇರ ಕೆಳಗೆ ನಿಂತು, ಅಲ್ಲಿಂದ ಗೆರೆಗೆ ಲಂಬವಾಗಿ ಟೇಪಿನಿಂದ ಅಳೆಯಿರಿ. ಮರದ ಬುಡದಿಂದ ಅಳೆಯಬೇಡಿ, ಕೊಂಬೆ ತುದಿಯ ಗೂಡು ಬುಡಕ್ಕಿಂತ ಎಷ್ಟೋ ಆಚೆ ಇರಬಹುದು. ಕಣ್ಣಂದಾಜೂ ಬೇಡ, ಎಲ್ಲವೂ 5, 10, 15 ಮೀಟರಿಗೇ ಬಂದು ಕೂರುತ್ತವೆ. ಎಲೆ ಹಸಿರೋ, ಕಂದೋ, ತೂತು ಬಿದ್ದಿದೆಯೋ, ಬರೀ ಕಡ್ಡಿ ಉಳಿದಿದೆಯೋ ಬರೆದುಕೊಳ್ಳಿ. ಕಾಂಡದ ಮೇಲೆ ಉಗುರಿನ ಗೀರಿದ್ದು, ಕೊಂಬೆ ಹೆಣೆಯದೆ ಮುರಿದು ಎಳೆದುಕೊಂಡಂತಿದ್ದರೆ ಅದು ಸೂರ್ಯಕರಡಿಯದ್ದಿರಬಹುದು. ಒಟ್ಟು 60ರಿಂದ 80 ಗೂಡುಗಳಾದರೂ ಸಿಗುವವರೆಗೆ ಗೆರೆ ಹೆಚ್ಚಿಸುತ್ತಾ ಹೋಗಿ.

ಇನ್ನು ಲೆಕ್ಕ. 12 ಕಿ.ಮೀ. ನಡೆದಾಗ 96 ಗೂಡು ಸಿಕ್ಕಿವೆ, ಅಳತೆಗಳಿಂದ ಬಂದ ಪರಿಣಾಮಕಾರಿ ಅಗಲ, ಅಂದರೆ ಗೂಡೆಲ್ಲ ಕಂಡಂತೆ ಲೆಕ್ಕಕ್ಕೆ ಹಿಡಿಯುವ ಪಟ್ಟಿ, ಗೆರೆಯ ಒಂದೊಂದು ಬದಿಗೂ 16 ಮೀಟರ್, ಒಟ್ಟು 0.032 ಕಿ.ಮೀ. ಎನ್ನಿ. 96ನ್ನು 12 × 0.032ರಿಂದ ಭಾಗಿಸಿದರೆ ಚದರ ಕಿ.ಮೀ.ಗೆ 250 ಗೂಡು. ಇದನ್ನು ಗೂಡು ಕಟ್ಟುವವರ ಪಾಲು (0.9), ಒಂದು ಪ್ರಾಣಿ ದಿನಕ್ಕೆ ಕಟ್ಟುವ ಗೂಡು (1), ಗೂಡು ಬಾಳುವ ದಿನಗಳು, ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಗೂಡು 250 ದಿನ ಬಾಳುತ್ತದೆಂದು ಹಿಡಿದರೆ ಚದರ ಕಿ.ಮೀ.ಗೆ 1.11 ಪ್ರಾಣಿ, 400 ಹಿಡಿದರೆ 0.69.

ಎಡವುವುದು ಈ ಕೊನೆಯ ಅಂಕಿಯಲ್ಲೇ. ಮರದ ಜಾತಿ, ಮಳೆ, ಎತ್ತರ ಬದಲಾದಂತೆ ಗೂಡಿನ ಆಯಸ್ಸೂ ಬದಲಾಗುತ್ತದೆ, ಬೇರೆ ಕಾಡಿನ ಅಂಕಿಯನ್ನು ಎರವಲು ತರಬಾರದು. 2017ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿದ ತಪನುಲಿ ಒರಾಂಗುಟಾನ್ ಸುಮಾತ್ರದ ಬತಾಂಗ್ ತೋರು ಕಾಡಿನಲ್ಲಿ ಉಳಿದಿರುವುದು 800ಕ್ಕಿಂತ ಕಡಿಮೆ. ಹೆಣ್ಣು ಒರಾಂಗುಟಾನ್ ಮರಿ ಹಾಕುವುದು ಏಳೆಂಟು ವರ್ಷಕ್ಕೊಮ್ಮೆ. ಇಲ್ಲದ ಪ್ರಾಣಿಗಳನ್ನು ಕಾಗದದ ಮೇಲೆ ಬದುಕಿಸಿಟ್ಟರೆ, ಇಳಿಕೆ ಗೊತ್ತಾಗುವಷ್ಟರಲ್ಲಿ ತುಂಬಲಾಗದ ನಷ್ಟವಾಗಿರುತ್ತದೆ.

ಆದ್ದರಿಂದ ಅದೇ ಕಾಡಿನ ಹಸಿ ಗೂಡುಗಳಿಗೆ ಗುರುತು ಹಾಕಿ, ತಿಂಗಳಿಗೊಮ್ಮೆ ಹೋಗಿ, ಮಾಯವಾಗುವವರೆಗೆ ನೋಡಿ. ಇದಕ್ಕೆ ವರ್ಷ ಮೀರಬಹುದು. ಅಷ್ಟು ಕಾಯಲಾಗದಿದ್ದರೆ ಮೊದಲ ಸುತ್ತಿನಲ್ಲಿ ಇರುವ ಗೂಡಿಗೆಲ್ಲ ಗುರುತು ಹಾಕಿ, ಕೆಲವು ವಾರ ಬಿಟ್ಟು ಅದೇ ಗೆರೆ ನಡೆದು ಹೊಸವನ್ನಷ್ಟೇ ಎಣಿಸಿ. ಆಗ ಆಯಸ್ಸಿನ ಬದಲು ನಡುವಿನ ದಿನಗಳನ್ನು ಹಾಕಿದರೆ ಸಾಕು. ಹೊಸ ಗೂಡು ಕಡಿಮೆ ಸಿಗುವುದರಿಂದ ಹೆಚ್ಚು ನಡೆಯಬೇಕಾಗುತ್ತದೆ.