ಮುಚ್ಚಿಹೋದ ಕಾಲುವೆಗಳನ್ನು ಹುಡುಕುವ ಬಗೆ: ಕ್ಯಾಲಿಫೋರ್ನಿಯಾದ ವೆನಿಸ್ ಬಡಾವಣೆಯ ಚರಿತ್ರೆಯನ್ನು ಓದಲು ಒಂದು ಕೈಪಿಡಿ

ಲಾಸ್ ಏಂಜಲೀಸ್ ನಗರದ ಪಶ್ಚಿಮ ಅಂಚಿನಲ್ಲಿ, ಪೆಸಿಫಿಕ್ ಸಾಗರದ ದಡದಲ್ಲಿರುವ ವೆನಿಸ್ ಬಡಾವಣೆಯನ್ನು ನೋಡಲು ಬರುವವರಲ್ಲಿ ಬಹುಪಾಲು ಜನ ಅಲ್ಲಿ ಈಗ ಹರಿಯುತ್ತಿರುವ ಆರು ಕಾಲುವೆಗಳ ಸೇತುವೆಗಳ ಮೇಲೆ ನಿಂತು, 1905ರಲ್ಲಿ ಆಬಟ್ ಕಿನ್ನಿ ಕಟ್ಟಿಸಿದ ಕಾಲುವೆಗಳು ಇವೇ ಎಂದು ನಂಬಿ ಹಿಂದಿರುಗುತ್ತಾರೆ. ಈ ಊರಿನ ಚರಿತ್ರೆಯನ್ನು ಅರಿಯಲು ಹೊರಟವರು ಮೊದಲು ಬಿಡಬೇಕಾದದ್ದು ಈ ನಂಬಿಕೆಯನ್ನು. ಕಿನ್ನಿಯ ಕಾಲುವೆಗಳು ಇಂದು ಡಾಂಬರಿನ ಕೆಳಗಿವೆ. ಉಳಿದಿರುವ ಕ್ಯಾರಲ್, ಲಿನ್ನಿ, ಹೌಲ್ಯಾಂಡ್, ಶರ್ಮನ್ ಮತ್ತು ಈಸ್ಟರ್ನ್ ಕಾಲುವೆಗಳು ಅವನ ಯಶಸ್ಸನ್ನು ಕಂಡ ಬೇರೆ ನಿವೇಶನ ವ್ಯಾಪಾರಿಗಳು ಪಕ್ಕದ ಜಾಗದಲ್ಲಿ ತೋಡಿಸಿದಂಥವು; ಅವುಗಳ ಪಶ್ಚಿಮದ ಅಂಚಿನಲ್ಲಿ ಗ್ರ್ಯಾಂಡ್ ಕಾಲುವೆಯ ಒಂದು ಭಾಗ ಹಾದುಹೋಗುತ್ತದೆ. ಗ್ರ್ಯಾಂಡ್ ಎಂಬ ಹೆಸರು ಮುಚ್ಚಿಹೋದ ಭಾಗಕ್ಕೂ ಉಳಿದ ಭಾಗಕ್ಕೂ ಸಲ್ಲುವುದರಿಂದ, ಹಳೆಯ ದಾಖಲೆಯಲ್ಲಿ ಆ ಹೆಸರು ಕಂಡಾಗಲೆಲ್ಲ ಯಾವ ಭಾಗದ ಮಾತು ಎಂದು ನಿಂತು ನೋಡಬೇಕು.

ಆದ್ದರಿಂದ ಕೆಲಸವನ್ನು ನಕ್ಷೆಯಿಂದಲೇ ಆರಂಭಿಸಿ. ಇಂದಿನ ಬೀದಿಗಳ ನಕ್ಷೆಯೊಂದನ್ನು ಹರಡಿಕೊಂಡು ವಿಂಡ್‌ವರ್ಡ್ ಸರ್ಕಲ್ ಎಂಬ ವೃತ್ತವನ್ನು ಗುರುತಿಸಿ. ಕಿನ್ನಿಯ ಯೋಜನೆಯಲ್ಲಿ ಅಲ್ಲಿದ್ದದ್ದು ದೊಡ್ಡದೊಂದು ಕೊಳ, ಮತ್ತು ಕಾಲುವೆಗಳ ಜಾಲವೆಲ್ಲ ಬಂದು ಕೂಡುತ್ತಿದ್ದದ್ದು ಆ ಕೊಳವನ್ನೇ. ಅದರ ಸುತ್ತಲಿನ ಬೀದಿಗಳ ಮೇಲೆ ಹಳೆಯ ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತ ಹೋಗಿ: ಇಂದಿನ ಗ್ರ್ಯಾಂಡ್ ಬೂಲೆವಾರ್ಡ್ ಆಗ ಗ್ರ್ಯಾಂಡ್ ಕಾಲುವೆ, ಮೇನ್ ಸ್ಟ್ರೀಟ್ ಕೋರಲ್ ಕಾಲುವೆ, ಸ್ಯಾನ್ ವಾನ್ ಅವೆನ್ಯೂ ವೀನಸ್ ಕಾಲುವೆ, ಮಾರ್ಕೆಟ್ ಸ್ಟ್ರೀಟ್ ಆಲ್ಡೆಬರಾನ್ ಕಾಲುವೆ, ವೃತ್ತದ ಪೂರ್ವಕ್ಕಿರುವ ವಿಂಡ್‌ವರ್ಡ್ ಅವೆನ್ಯೂ ಲಯನ್ ಕಾಲುವೆ. ಗ್ರ್ಯಾಂಡ್‌ನಂತೆಯೇ ಕಬ್ರಿಯೋ ಮತ್ತು ಆಲ್ಟೇರ್ ಎಂಬ ಎರಡು ಹೆಸರುಗಳೂ ನೀರು ಹೋದರೂ ಬೀದಿಗಳಿಗೆ ಅಂಟಿಕೊಂಡು ಉಳಿದಿವೆ. ನಾವು ರೋಹಿಣಿ, ಶ್ರವಣ, ಶುಕ್ರ ಎಂದು ಕರೆಯುವ ಆಕಾಶಕಾಯಗಳ ಹೆಸರನ್ನು ಮೂರು ಕಾಲುವೆಗಳಿಗೆ ಇಟ್ಟಿದ್ದರೆಂಬುದು, ಆ ಜೌಗು ನೆಲದ ಮೇಲೆ ಕಿನ್ನಿ ಎಂತಹ ಕನಸನ್ನು ಹೊದಿಸಲು ಹೊರಟಿದ್ದನೆಂಬುದನ್ನು ತಿಳಿಸುತ್ತದೆ.

ಈ ಪಟ್ಟಿಯನ್ನು ಪರೀಕ್ಷಿಸಲು ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿ ವಿಮಾ ನಕ್ಷೆಗಳಿಗಿಂತ ಉತ್ತಮ ಸಾಧನವಿಲ್ಲ. ಕಟ್ಟಡಗಳಿಗೆ ಬೆಂಕಿ ತಗಲುವ ಅಪಾಯವನ್ನು ಅಳೆಯಲೆಂದು ತಯಾರಾದ ಈ ಹಾಳೆಗಳಲ್ಲಿ ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ ಕಟ್ಟಡಕ್ಕೆ ಹಳದಿ ಬಣ್ಣ ಬಳಿದಿರುತ್ತದೆ. ವೆನಿಸ್‌ನಂಥ ಊರಿನಲ್ಲಿ ಈ ಬಣ್ಣಭೇದ ಬಹಳ ಮುಖ್ಯ. ನಾರ್ಮನ್ ಮಾರ್ಷ್ ಮತ್ತು ಕ್ಲಾರೆನ್ಸ್ ರಸಲ್ ಎಂಬ ವಾಸ್ತುಶಿಲ್ಪಿಗಳು ವಿಂಡ್‌ವರ್ಡ್ ಅವೆನ್ಯೂವಿನ ಉದ್ದಕ್ಕೂ ಇಟಲಿಯ ಮಾದರಿಯಲ್ಲಿ ನಿಲ್ಲಿಸಿದ ಕಂಬಸಾಲುಗಳು ಎಲ್ಲಿಯವರೆಗೆ ಹಬ್ಬಿದ್ದವು, ಮರದ ಸಣ್ಣ ಬೇಸಿಗೆ ಮನೆಗಳು ಎಲ್ಲಿಂದ ಆರಂಭವಾಗುತ್ತಿದ್ದವು ಎಂಬ ಗಡಿ ಕಣ್ಣಿಗೆ ಕಟ್ಟುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇಂತಹ ಹಾಳೆಗಳನ್ನು ಅಪಾರ ಸಂಖ್ಯೆಯಲ್ಲಿ ಅಂತರ್ಜಾಲದಲ್ಲಿ ಇಟ್ಟಿದೆ.

ಪತ್ರಿಕೆಗಳನ್ನು ಹುಡುಕುವಾಗ ಹೆಸರಿನದೇ ಇನ್ನೊಂದು ತೊಡಕು ಎದುರಾಗುತ್ತದೆ. ಕಿನ್ನಿ ತನ್ನ ಊರನ್ನು 1905ರ ಜುಲೈ 4ರಂದು ‘ವೆನಿಸ್ ಆಫ್ ಅಮೆರಿಕ’ ಎಂಬ ಹೆಸರಿನಲ್ಲಿ ತೆರೆದನಾದರೂ, ಪುರಸಭೆಯ ಅಧಿಕೃತ ಹೆಸರು 1911ರವರೆಗೂ ಓಷನ್ ಪಾರ್ಕ್ ಎಂದೇ ಇತ್ತು. ಹೀಗಾಗಿ ಆ ವರ್ಷಕ್ಕಿಂತ ಹಿಂದಿನ ತೆರಿಗೆ, ಚುನಾವಣೆ, ಚರಂಡಿಗಳ ಸುದ್ದಿಯನ್ನು ವೆನಿಸ್ ಎಂಬ ಪದದಿಂದ ಮಾತ್ರ ಹುಡುಕಿದರೆ ಬಹಳಷ್ಟು ಕೈತಪ್ಪಿ ಹೋಗುತ್ತದೆ. 1926ರಲ್ಲಿ ಊರು ಲಾಸ್ ಏಂಜಲೀಸ್ ನಗರದೊಳಗೆ ಸೇರಿಹೋದ ಮೇಲಿನ ಕಡತಗಳನ್ನು ಆ ನಗರದ ದಾಖಲೆಗಳಲ್ಲಿಯೇ ನೋಡಬೇಕು.

ಕಿನ್ನಿಯ ಬಗ್ಗೆ ಓದುವಾಗ ಕನಸುಗಾರನನ್ನೂ ವ್ಯಾಪಾರಿಯನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಸಿಗರೇಟು ವ್ಯಾಪಾರದಿಂದ ಶ್ರೀಮಂತನಾದ ಅವನು ಮೊದಲು ಪಾಲುದಾರರೊಂದಿಗೆ ಕಡಲತಡಿಯ ವಿಹಾರಪಟ್ಟಣವನ್ನು ಬೆಳೆಸಿದವನು. ಪಾಲುದಾರಿಕೆ ಮುರಿದಾಗ, 1904ರಲ್ಲಿ ನಾಣ್ಯ ಚಿಮ್ಮಿ ಗೆದ್ದ ಅವನು ಅಚ್ಚುಕಟ್ಟಾಗಿ ಬೆಳೆದಿದ್ದ ಉತ್ತರದ ಭಾಗವನ್ನು ಬಿಟ್ಟು ದಕ್ಷಿಣದ ಜೌಗನ್ನೇ ಆರಿಸಿಕೊಂಡನೆಂದು ಊರಿನ ಚರಿತ್ರೆಗಳು ಹೇಳುತ್ತವೆ. ಬೇರೆಯವರಿಗೆ ಕೆಲಸಕ್ಕೆ ಬಾರದ ನೆಲವಾಗಿ ಕಂಡ ಆ ಜೌಗಿನಲ್ಲಿ ಕಾಲುವೆ ತೋಡಿದರೆ ತಗ್ಗಿನ ನೀರು ಬಸಿದುಹೋಗುತ್ತದೆ, ದಂಡೆಯ ನಿವೇಶನಗಳಿಗೆ ಬೆಲೆಯೂ ಬರುತ್ತದೆ. ಈ ಜಾಣತನವನ್ನು ಮರೆತು ಇಟಲಿಯಿಂದ ಬಂದ ದೋಣಿ ಮತ್ತು ಅಂಬಿಗರ ಸೊಬಗನ್ನಷ್ಟೇ ಹೇಳುವ ಬರಹಗಳು ಅರ್ಧ ಕಥೆಯನ್ನು ಮಾತ್ರ ಹೇಳುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಲುವೆಗಳು ಏಕೆ ಮುಚ್ಚಿದವು ಎಂಬ ಪ್ರಶ್ನೆಗೆ ಒಂದೇ ಕಾರಣವನ್ನು ಹುಡುಕಬೇಡಿ. ಉಬ್ಬರವಿಳಿತದ ನೀರು ಜಾಲದ ಮೂಲೆಮೂಲೆಗೂ ಸರಿಯಾಗಿ ಆಡದೆ ನಿಂತು ಕೊಳೆಯುತ್ತಿದ್ದದ್ದು ಒಂದು ಕಾರಣ. ಆರಂಭದಲ್ಲಿ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ರೈಲಿನಲ್ಲಿ ಬರುತ್ತಿದ್ದ ವಿಹಾರಿಗಳು ಮುಂದೆ ಸ್ವಂತ ಕಾರುಗಳಲ್ಲಿ ಬರತೊಡಗಿ, ರಸ್ತೆಗೂ ನಿಲುಗಡೆಗೂ ಜಾಗ ಸಾಲದಾದದ್ದು ಇನ್ನೊಂದು. 1920ರ ನವೆಂಬರಿನಲ್ಲಿ ಕಿನ್ನಿ ತೀರಿಕೊಂಡ. ಮರುತಿಂಗಳೇ ಕಡಲೊಳಕ್ಕೆ ಚಾಚಿದ್ದ ಅವನ ಮನರಂಜನಾ ಕಟ್ಟೆ ಬೆಂಕಿಗೆ ಆಹುತಿಯಾಯಿತು. ನಿವಾಸಿಗಳು ಹಲವು ವರ್ಷ ನ್ಯಾಯಾಲಯದಲ್ಲಿ ಹೋರಾಡಿದರೂ 1929ರಲ್ಲಿ ಕಿನ್ನಿಯ ಕಾಲುವೆಗಳಿಗೆ ಮಣ್ಣು ತುಂಬಲಾಯಿತು. ಹಾಗೆ ತುಂಬುವ ಖರ್ಚನ್ನು ಅಕ್ಕಪಕ್ಕದ ಆಸ್ತಿಗಳ ಮೇಲೆ ಕರವಾಗಿ ಹೊರಿಸುವ ಪದ್ಧತಿಯಿತ್ತು; ಪಕ್ಕದ ಆರು ಕಾಲುವೆಗಳ ದಂಡೆಯಲ್ಲಿ ಅದನ್ನು ಭರಿಸುವಷ್ಟು ಮನೆಗಳೇ ಇರಲಿಲ್ಲವಾದ್ದರಿಂದ ಅವು ಪಾರಾದವು ಎಂಬ ವಿವರಣೆಯನ್ನು ಸಾಮಾನ್ಯವಾಗಿ ಕೊಡುತ್ತಾರೆ. ಅದೇ ವರ್ಷ ಅಲ್ಲಿ ತೈಲ ಸಿಕ್ಕು, ಮನೆಗಳ ನಡುವೆ ತೈಲಬಾವಿಯ ಗೋಪುರಗಳು ಎದ್ದವು. ಆ ಕಾಲದ ಛಾಯಾಚಿತ್ರಗಳನ್ನು ಬಿಡದೆ ನೋಡಿ.

ಜಾಹೀರಾತುಗಳಲ್ಲಿ ಕಾಣದ ಜನರನ್ನೂ ಹುಡುಕಬೇಕು. ಈ ಊರಿನಲ್ಲಿ ದುಡಿದ ಕಪ್ಪು ಜನರಿಗೆ ಸಮುದ್ರದಿಂದ ಒಳಗಿರುವ ಓಕ್‌ವುಡ್ ಎಂಬ ಭಾಗದ ಹೊರಗೆ ಮನೆ ಸಿಗುತ್ತಿರಲಿಲ್ಲ. ಕಿನ್ನಿಯ ಕಾರಿನ ಚಾಲಕರಾಗಿದ್ದ ಅರ್ವಿಂಗ್ ಟೇಬರ್ ಅವರಿಗೆ ಕಿನ್ನಿಯ ಮನೆಯೇ ಕೊನೆಗೆ ಸೇರಿತು. ಆದರೆ ಅದು ಇದ್ದ ಜಾಗದಲ್ಲಿ ಅವರು ವಾಸಿಸುವಂತಿರಲಿಲ್ಲವಾದ್ದರಿಂದ, ಇಡೀ ಮನೆಯನ್ನು ತುಂಡುಗಳಾಗಿ ಕತ್ತರಿಸಿ ಓಕ್‌ವುಡ್‌ಗೆ ಸಾಗಿಸಿ ಮತ್ತೆ ಜೋಡಿಸಬೇಕಾಯಿತು. ವಿಹಾರದ ಬಡಾವಣೆ ಯಾರಿಗಾಗಿ ಕಟ್ಟಿದ್ದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಕಟ್ಟಡ ಆ ಊರಿನಲ್ಲಿ ನನಗೆ ತಿಳಿದಿಲ್ಲ.

ಇಷ್ಟನ್ನು ಓದಿಕೊಂಡ ಮೇಲೆಯೇ ಕಾಲ್ನಡಿಗೆಗೆ ಹೊರಡಿ. ವಿಂಡ್‌ವರ್ಡ್ ಅವೆನ್ಯೂವಿನಲ್ಲಿ ಉಳಿದಿರುವ ಕಂಬಸಾಲುಗಳಿಂದ ಆರಂಭಿಸಿ, ವೃತ್ತವನ್ನು ದಾಟಿ, ಗ್ರ್ಯಾಂಡ್ ಬೂಲೆವಾರ್ಡ್‌ನ ಅಗಲವನ್ನು ಗಮನಿಸುತ್ತ ದಕ್ಷಿಣಕ್ಕೆ ನಡೆದರೆ ನೀರಿರುವ ಕಾಲುವೆಗಳತ್ತ ಬರುತ್ತೀರಿ. 1982ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದ ಈ ಕಾಲುವೆಗಳ ದಂಡೆಗಳು ದಶಕಗಳ ಕಾಲ ಕುಸಿದುಬಿದ್ದಿದ್ದವು. ಇಂದು ಕಾಣುವ ಕಾಂಕ್ರೀಟ್ ಅಚ್ಚುಗಳ ಇಳಿಜಾರು ಮತ್ತು ಕಾಲುದಾರಿ 1993ರಲ್ಲಿ ಮುಗಿದ ದುರಸ್ತಿಯ ಫಲವೇ ಹೊರತು ಆರಂಭದ ಕಾಲದ್ದಲ್ಲ. ಅಲ್ಲಿಂದ ಗ್ರ್ಯಾಂಡ್ ಕಾಲುವೆಯ ಗುಂಟ ವಾಷಿಂಗ್ಟನ್ ಬೂಲೆವಾರ್ಡ್‌ವರೆಗೆ ಹೋಗಿ ತೂಬುಗಳನ್ನು ನೋಡಿ. ಬಲೋನಾ ಲಗೂನ್ ಮೂಲಕ ಬರುವ ಸಮುದ್ರದ ನೀರನ್ನು ಒಳಬಿಡುವುದೂ ಹೊರಬಿಡುವುದೂ ಇವೇ. ಸಾಧ್ಯವಾದರೆ ಇಳಿತದ ಹೊತ್ತನ್ನು ಮೊದಲೇ ತಿಳಿದುಕೊಂಡು ಹೋಗಿ. ನೀರು ಇಳಿದಾಗ ಬಯಲಾಗುವ ಕೆಸರಿನ ತಳವನ್ನು ಕಂಡರೆ, ಮೇನ್ ಸ್ಟ್ರೀಟ್‌ನ ಡಾಂಬರಿನ ಕೆಳಗೆ ಏನಿದ್ದಿರಬಹುದೆಂದು ಊಹಿಸುವುದು ಕಷ್ಟವಾಗದು.